ಸೋದರಮಾವನ ಡ್ಯೂಟಿ

ತಮ್ಮನಿಗೆ ಸರ್ಕಾರಿ ನೌಕರಿ ಸಿಕ್ಕಿತೆಂದು ಲಕ್ಕಮ್ಮ ಆ ವರ್ಷ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಆ ತುಪ್ಪವನ್ನು ಮುದ್ದೆಗೆ ಹಾಕಿಕೊಂಡು ತಿಂದಿದ್ದರೆ ಮೈಗಾದರೂ ಹತ್ತುತ್ತಿತ್ತು ಎಂದು ಈಗ ಅವಳಿಗೆ ಅನ್ನಿಸುತ್ತಿತ್ತು.

ತಮ್ಮ ತಿಮ್ಮಪ್ಪ ಗ್ರಾಮಸೇವಕ. ಹೊಳೆನರಸೀಪುರಕ್ಕೆ ಹಳ್ಳಿ ಅಭಿವೃದ್ಧಿಯ ಬ್ಲಾಕು ಆಫೀಸು ಬಂದ ಹೊಸದು. ಹಳೇಕೋಟೆ ಹೋಬಳಿಯ ಒಂದಷ್ಟು ಹಳ್ಳಿಗಳನ್ನು ಉದ್ಧಾರ ಮಾಡುವ ಕೆಲಸವನ್ನು ಸರ್ಕಾರ ಇವನ ತಲೆಗೆ ಕಟ್ಟಿತ್ತು. ಖಾಕಿ ಚೀಲ ನೇತುಹಾಕಿಕೊಂಡು ಸೈಕಲ್ಲು ತುಳಿಯುತ್ತ ಬಂದು, ಹುಟ್ಟಿದಾಗಿನಿಂದ ಗೊಬ್ಬರ ಹೊತ್ತವರಿಗೆ ಗೊಬ್ಬರದ ಗುಂಡಿ ಹೇಗೆ ತೋಡಬೇಕೆಂದು ಪಾಠ ಹೇಳುತ್ತಿದ್ದ. ಹೊಗೆಯಿಲ್ಲದ ಒಲೆ ಹೂಡುವುದನ್ನು ಊರಿನ ಹೆಂಗಸರಿಗೆಲ್ಲ ಕಲಿಸಿದ. ಅವನ ಮನೆಯ ಒಲೆ ಮಾತ್ರ ಮೊದಲಿನ ಹಾಗೇ ಹೊಗೆ ಉಗುಳುತ್ತಿತ್ತು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಕೇಳಿದರೆ, ಡ್ಯೂಟಿ ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೆ?

ಆ ಡ್ಯೂಟಿ ಮುಗಿದದ್ದನ್ನು ಕಂಡವರು ಯಾರೂ ಇರಲಿಲ್ಲ. ಹೆಂಡತಿ ಚನ್ನರಾಯಪಟ್ಟಣದ ತವರಿನಲ್ಲಿ ಹೆತ್ತಳು. ಇವನು ಪುರುಸೊತ್ತು ಮಾಡಿಕೊಂಡು ನೋಡಲು ಹೋಗುವ ಹೊತ್ತಿಗೆ ಮಗು ನಡೆಯಲು ಕಲಿತಿತ್ತು. ಇವನ ಮುಖ ಕಂಡು ಯಾರೋ ಏನೋ ಎಂದು ಅಜ್ಜಿಯ ಸೀರೆಯ ಹಿಂದೆ ಅಡಗಿತು. ಅಪ್ಪನಿಗೆ ಎಡೆ ಇಡುವ ದಿನ ಅರಕಲಗೂಡಿನಲ್ಲಿ ಟ್ರೇನಿಂಗು ಅಂದ. ಸತ್ತ ಅಪ್ಪ ಕಾಯಬಹುದು, ಬ್ಲಾಕಿನ ಸಾಹೇಬರು ಕಾಯುವುದಿಲ್ಲ.

ಇಷ್ಟನ್ನೂ ಲಕ್ಕಮ್ಮ ನುಂಗಿಕೊಂಡಿದ್ದಳು. ತಾಯಿ ಸತ್ತಾಗ ಇನ್ನೂ ಚಡ್ಡಿ ಕಟ್ಟಲು ಬಾರದ ತಿಮ್ಮಪ್ಪನನ್ನು ಸೊಂಟದ ಮೇಲೆ ಹೊತ್ತುಕೊಂಡು ಗಂಡನ ಊರಾದ ದೊಡ್ಡಕೊಪ್ಪಲಿಗೆ ತಂದು ಸಾಕಿದವಳು ಅವಳು. ಗಂಡ ಕೆಂಪಣ್ಣ ಸಾಧು ಮನುಷ್ಯ. ಅವನು ಚಕಾರ ಎತ್ತಲಿಲ್ಲ. ಅಪ್ಪನೂ ಹೋದ ಮೇಲೆ ತವರು ಎಂದು ಅವಳಿಗೆ ಉಳಿದದ್ದು ಈ ತಮ್ಮನೊಬ್ಬನೇ. ಹೆಣ್ಣಿಗೆ ಗಂಡನ ಮನೆಯಲ್ಲಿ ಎಷ್ಟೇ ಇರಲಿ, ನನಗೂ ಒಂದು ತವರಿದೆ ಎಂದು ನಾಲ್ಕು ಜನರ ಎದುರಿಗೆ ತೋರಿಸುವ ದಿನ ಒಂದು ಬರುತ್ತದೆ. ಲಕ್ಕಮ್ಮನಿಗೆ ಆ ದಿನ ಬಂದದ್ದು ಮಗಳು ನಿಂಗಿ ದೊಡ್ಡವಳಾದಾಗ.

ಆ ಸೀಮೆಯ ಒಕ್ಕಲ ಮನೆಗಳಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕಬೇಕು. ಅತ್ತಿಯ ಗೂಟ ನೆಟ್ಟು, ಮಾವು ನೇರಳೆಯ ಸೊಪ್ಪು ಹೆಣೆದು, ಮೂರು ಕಡೆ ಮುಚ್ಚಿ, ಮೂಡಲಿಗೆ ಬಾಗಿಲು ಬಿಡಬೇಕು. ಅದರೊಳಗೆ ಹುಡುಗಿಯನ್ನು ಕೂರಿಸಿ ಬಾಗಿಲಿಗೆ ಅಡ್ಡಲಾಗಿ ಒನಕೆ ಇಟ್ಟರೆ, ನೀರು ಹಾಕಿ ಒಳಗೆ ಕರೆದುಕೊಳ್ಳುವ ದಿನದವರೆಗೂ ಗಂಡಸರು ಆ ಗುಡ್ಲನ್ನು ಮುಟ್ಟುವ ಹಾಗಿಲ್ಲ. ಕೊನೆಯ ದಿನ ಸೋದರಮಾವನೇ ಅದಕ್ಕೆ ಬೆಂಕಿ ಇಡಬೇಕು. ಮಾವ ಬಂದು ಹಾಕುವ ತನಕ ಹುಡುಗಿ ಮನೆಯ ಆಚೆ ಕಾಯಬೇಕು. ನಿಂಗಿ ಕೊಟ್ಟಿಗೆಯ ಮಗ್ಗುಲಲ್ಲಿ, ಒಂದು ಹರಕು ಚಾಪೆಯ ಮರೆಯಲ್ಲಿ, ಬೇಸಿಗೆಯ ಬಿಸಿಲಿಗೆ ಮುಖ ಕೆಂಪಗೆ ಮಾಡಿಕೊಂಡು ಕೂತಳು. ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸುತ್ತಿಸಿದ ಮಾವ ಎಂದರೆ ಅವಳಿಗೆ ಪ್ರಾಣ. ಮಾವ ಬಂದನಾ, ಬಂದನಾ ಎಂದು ಹೋಗುವವರನ್ನೂ ಬರುವವರನ್ನೂ ಕೇಳುತ್ತಿದ್ದಳು.

ಮಾವ ದೂರದಲ್ಲೇನೂ ಇರಲಿಲ್ಲ, ಅದೇ ಊರಿನಲ್ಲಿದ್ದ. ಹಾಸನದಿಂದ ದೊಡ್ಡ ಸಾಹೇಬರು ದೊಡ್ಡಕೊಪ್ಪಲಿನ ಗೊಬ್ಬರದ ಗುಂಡಿಗಳನ್ನು ನೋಡಲು ಬರುತ್ತಾರೆಂದು ವಾರದಿಂದ ಅಲ್ಲೇ ಠಿಕಾಣಿ ಹೂಡಿದ್ದ. ಸುದ್ದಿ ತಿಳಿದಾಗ ಬಹಳ ಸಂತೋಷಪಟ್ಟು, ನಾಳೆ ಬೆಳಿಗ್ಗೆ ಬಂದು ಹಾಕುತ್ತೇನೆ ಅಂದ. ನಾಳೆ ಬಂತು, ಗುಂಡಿಗಳಿಗೆ ಸುಣ್ಣದ ಗೆರೆ ಎಳೆಸುವುದಿತ್ತು. ಮತ್ತೊಂದು ನಾಳೆ ಬಂತು, ಶಾಲೆಯ ಗೋಡೆ ಬಳಿಸುವುದಿತ್ತು. ಎರಡು ಹೊತ್ತೂ ಅಕ್ಕನ ಮನೆಗೇ ಬಂದು ಉಣ್ಣುತ್ತಿದ್ದ. ಚಾಪೆಯ ಮರೆಯ ಕಡೆ ನೋಡದೆ ಕೈ ತೊಳೆದುಕೊಂಡು ಓಡುತ್ತಿದ್ದ. ಉಣ್ಣುವುದಕ್ಕೆ ಡ್ಯೂಟಿ ಯಾವತ್ತೂ ಅಡ್ಡ ಬರಲಿಲ್ಲವಲ್ಲ ಎಂದು ಲಕ್ಕಮ್ಮ ಅವನ ಬೆನ್ನು ನೋಡುತ್ತ ಅಂದುಕೊಂಡಳು.

ಸೋಬಾನೆ ಹಾಡುವ ಮುದುಕಿ ಸಣ್ಣಕ್ಕ ಬಂದು ಮೆಲ್ಲಗೆ ಒಂದು ದಾರಿ ತೋರಿಸಿದಳು. ವರಸೆಯಲ್ಲಿ ನಿನಗೆ ಅಣ್ಣನೋ ತಮ್ಮನೋ ಆಗಬೇಕಾದವರು ಯಾರು ಹಾಕಿದರೂ ನಡೆಯುತ್ತದೆ, ಕೆಳಗಿನ ಕೇರಿಯ ತಮ್ಮಯ್ಯನ ಕೈಯಲ್ಲಿ ಹಾಕಿಸಿಬಿಡು, ಹುಡುಗಿ ಬಿಸಿಲಿಗೆ ಬಾಡುತ್ತಾಳೆ ಅಂದಳು. ಲಕ್ಕಮ್ಮನಿಗೆ ಬೆಂಕಿ ಮುಟ್ಟಿದ ಹಾಗಾಯಿತು.

"ತವರು ಸತ್ತೋರು ಕಣಕ್ಕ ಅಂಗೆ ಮಾಡಿಸ್ಕಳಾದು. ನನ್ನ ತಮ್ಮ ಬದುಕವ್ನೆ."

ಹೇಳಿದ್ದೇನೋ ಗಟ್ಟಿಯಾಗಿಯೇ ಹೇಳಿದಳು. ಒಳಗೆ ಮಾತ್ರ ಹೆದರಿಕೆ ಇತ್ತು. ಇವನು ಬಾರದೇ ಹೋದರೆ ನಾಳೆಯಿಂದ ನೀರಿನ ಕಟ್ಟೆಯಲ್ಲಿ ಹೆಂಗಸರು ತನ್ನ ಮುಖ ಕಂಡೊಡನೆ ಮಾತು ನಿಲ್ಲಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಸಾಹೇಬರು ಬರುವ ದಿನ ಬೆಳಗಾಗುವಾಗಲೇ ಹಿತ್ತಿಲಲ್ಲಿ ಮಚ್ಚಿನ ಸದ್ದು ಕೇಳಿತು. ಲಕ್ಕಮ್ಮ ಹೊರಗೆ ಬಂದು ನೋಡಿದರೆ ತಿಮ್ಮಪ್ಪ ಮಾವಿನ ಮರದ ಮೇಲಿದ್ದಾನೆ. ಕೆಳಗೆ ಹಸಿ ಸೊಪ್ಪು ರಾಶಿ ಬೀಳುತ್ತಿದೆ. ಅತ್ತಿಯ ಗೂಟಗಳೂ ಬಂದಿವೆ. ಅವಳ ಎದೆ ತುಂಬಿ ಬಂತು. ಬೈದುಕೊಂಡಿದ್ದಕ್ಕೆಲ್ಲ ಮನಸ್ಸಿನಲ್ಲೇ ತಪ್ಪು ಒಪ್ಪಿಕೊಂಡು, ತಮ್ಮನಿಗೆ ಬೆಲ್ಲದ ಕಾಫಿ ಕಾಯಿಸಲು ಒಳಗೆ ಓಡಿದಳು. ಲೋಟ ಹಿಡಿದುಕೊಂಡು ಬರುವಷ್ಟರಲ್ಲಿ ತಮ್ಮನೂ ಇಲ್ಲ, ಸೊಪ್ಪೂ ಇಲ್ಲ. ಕೆಂಪಣ್ಣನ ಗಾಡಿಯೇ ಸೊಪ್ಪು ಹೇರಿಕೊಂಡು ಶಾಲೆಯ ಕಡೆ ಹೋಗುತ್ತಿತ್ತು.

ಅವಳು ಅದೇ ಲೋಟ ಹಿಡಿದುಕೊಂಡು ಶಾಲೆಯ ಬಯಲಿಗೆ ಹೋದಳು. ತಿಮ್ಮಪ್ಪ ಸಾಹೇಬರು ಕೂರುವುದಕ್ಕೆ ಚಪ್ಪರ ಹಾಕುತ್ತಿದ್ದ. ಸಾಹೇಬರ ಮೈ ಬಿಸಿಲು ತಡೆಯುವುದಿಲ್ಲವಂತೆ, ತಂಪಾಗಿರಬೇಕಂತೆ. ಆಳುಗಳ ಕೈಗೆ ಕೊಟ್ಟರೆ ಕೆಡಿಸುತ್ತಾರೆಂದು ತಾನೇ ಗೂಟ ನೆಟ್ಟು ತಾನೇ ಸೊಪ್ಪು ಹೆಣೆಯುತ್ತಿದ್ದ. ಪಾಪ, ಅವನಿಗೆ ಬರುತ್ತಿದ್ದ ಸೊಪ್ಪಿನ ಕೆಲಸ ಒಂದೇ. ಅಕ್ಕನ ಹೊಟ್ಟೆಯಲ್ಲಿ ಹೆಣ್ಣು ಹುಟ್ಟಿದರೆ ಬೇಕಾಗುತ್ತದೆಂದು ಅಪ್ಪ ಕೈ ಹಿಡಿದು ಕಲಿಸಿದ್ದು. ಮೂರು ಕಡೆ ಮುಚ್ಚಿದ್ದ, ಮೂಡಲಿಗೆ ಬಾಗಿಲು ಬಿಟ್ಟಿದ್ದ, ಬಾಗಿಲ ನೆತ್ತಿಗೆ ಅಪ್ಪ ಹಾಕುತ್ತಿದ್ದ ಹಾಗೆಯೇ ಸೊಪ್ಪಿನ ಜಡೆ ಹೆಣೆದಿದ್ದ. ತಾನು ಏನು ಕಟ್ಟುತ್ತಿದ್ದೇನೆಂದು ಆ ದಡ್ಡನ ತಲೆಗೆ ಹೊಳೆದೇ ಇರಲಿಲ್ಲ.

ಲಕ್ಕಮ್ಮ ಆ ಜಡೆಯನ್ನು ನೋಡಿದಳು. ಆಮೇಲೆ, ನಿಂಗಿಯದು ಯಾವಾಗ ಎಂದು ಕೇಳಿದಳು.

ತಿಮ್ಮಪ್ಪ ಕೈ ನಿಲ್ಲಿಸದೆ ಹೇಳಿದ: "ಸಾಯೇಬ್ರು ಓಗ್ಲಿ ತಡಿ ಅಕ್ಕಯ್ಯ. ಸಂಜಿಗೆ ಇದನ್ನ ಕಿತ್ತು, ಇದೇ ಸೊಪ್ಪ ತಂದು ಅಲ್ಲಿ ಹಾಕ್ಬುಡ್ತೀನಿ. ಬ್ಯಾರೆ ಸೊಪ್ಪು ಯಾಕೆ ದಂಡ ಮಾಡಾದು?"

ತನ್ನ ಹಿತ್ತಿಲ ಮರದ ಸೊಪ್ಪು. ಅದು ಮೊದಲು ಸಾಹೇಬರ ತಲೆಗೆ ನೆರಳಾಗಿ, ಬಾಡಿ ಜೋತುಬಿದ್ದ ಮೇಲೆ ಮಗಳಿಗೆ. ಉಂಡು ಬಿಟ್ಟ ಎಲೆಯಲ್ಲಿ ಬಡಿಸಿದ ಹಾಗೆ. ಲಕ್ಕಮ್ಮನಿಗೆ ಕೋಪ ಬರುವ ಬದಲು ಅಸಹ್ಯ ಬಂತು. ಇವನನ್ನೇ ತಾನು ಮಡಿಲಲ್ಲಿ ಮಲಗಿಸಿಕೊಂಡು ಹೇನು ಹೆಕ್ಕಿದ್ದು. ಲೋಟವನ್ನು ಅವನ ಕೈಗೆ ಕೊಡಲಿಲ್ಲ. ಕಾಫಿಯನ್ನು ಅಲ್ಲೇ ನೆಲಕ್ಕೆ ಚೆಲ್ಲಿ ಮನೆಗೆ ಬಂದಳು.

ಬೆಳಿಗ್ಗೆ ಬರಬೇಕಾದ ಸಾಹೇಬರು ಮಧ್ಯಾಹ್ನವಾದರೂ ಬರಲಿಲ್ಲ. ಪಟೇಲ ದೊಡ್ಡಯ್ಯ ರುಮಾಲು ತೆಗೆದು ಗಾಳಿ ಹಾಕಿಕೊಂಡ. ಶಾಲೆಯ ಮಕ್ಕಳು ಹಾಡು ಮರೆತವು. ತಿಮ್ಮಪ್ಪ ತಡೆಯಲಾರದೆ, ಗುಲಾಬಿ ಹಾರವನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು, ರಸ್ತೆಯಲ್ಲೇ ಕಾಯುತ್ತೇನೆಂದು ಹಳೇಕೋಟೆಗೆ ಹೋದ.

ಲಕ್ಕಮ್ಮ ಅದನ್ನೇ ಕಾಯುತ್ತಿದ್ದಳು. ಸಣ್ಣಕ್ಕನನ್ನೂ ಕೇರಿಯ ಹೆಂಗಸರನ್ನೂ ಕರೆದಳು. ನಿಂಗಿಯನ್ನು ಎಬ್ಬಿಸಿ, ತಲೆಯ ಮೇಲೆ ಕಂಬಳಿ ಹೊದಿಸಿ, ಮುಂದೆ ಒನಕೆ ಹಿಡಿಸಿ, ಸೋಬಾನೆ ಹೇಳಿಸುತ್ತ ನೆಟ್ಟಗೆ ಶಾಲೆಯ ಬಯಲಿಗೆ ನಡೆದಳು. ಚಪ್ಪರದೊಳಗಿದ್ದ ಕುರ್ಚಿಯನ್ನು ಎತ್ತಿ ಬಿಸಿಲಿಗೆ ಇಟ್ಟಳು. ಮಗಳನ್ನು ಒಳಗೆ ಕೂರಿಸಿ, ಬಾಗಿಲಿಗೆ ಅಡ್ಡಲಾಗಿ ಒನಕೆ ಹಾಕಿದಳು.

ಪಟೇಲನಿಗೆ ಜೀವ ಬಾಯಿಗೆ ಬಂತು. ಹತ್ತಿರ ಬರಲೂ ಆಗದು, ಸುಮ್ಮನಿರಲೂ ಆಗದು. ದೂರದಲ್ಲೇ ನಿಂತು, ಇದೇನವ್ವ ಅನ್ಯಾಯ ಅಂದ.

"ಅತ್ತಿ ಗೂಟ ಅದೆ, ಹಸಿ ಸೊಪ್ಪದೆ, ಮೂಡ್ಲು ಬಾಕ್ಲದೆ. ಸೋದರಮಾವನೇ ಕೈಯಾರ ಹಾಕವ್ನೆ," ಅಂದಳು ಲಕ್ಕಮ್ಮ. "ಇದು ಗುಡ್ಲು ಅಲ್ಲ ಅಂತ ನೀವೇ ಯೋಳ್ಬುಡಿ ಪಟೇಲ್ರೆ, ಎದ್ದೋಯ್ತೀವಿ."

ದೊಡ್ಡಯ್ಯ ಗೂಟ ನೋಡಿದ, ಸೊಪ್ಪು ನೋಡಿದ, ಬಾಗಿಲಿನ ಜಡೆ ನೋಡಿದ. ಅವನೂ ತನ್ನ ಅಕ್ಕತಂಗಿಯರ ಮಕ್ಕಳಿಗೆ ಇಂಥವನ್ನು ಹಾಕಿದವನೇ. ರುಮಾಲನ್ನು ತಲೆಗೆ ಸುತ್ತಿಕೊಂಡು ಹಿಂದೆ ಸರಿದ. ಒಳಗೆ ತಂಪಾಗಿತ್ತೆಂದು ಕಾಣುತ್ತದೆ, ನಿಂಗಿ ಎಷ್ಟೋ ದಿನದ ಮೇಲೆ ಕಾಲು ಚಾಚಿ ಕೂತಳು. ಮಾವ ಚೆನ್ನಾಗಿ ಹಾಕಿದ್ದಾನೆ ಅಲ್ವೇನವ್ವ ಎಂದು ಕೇಳಿದಳು. ಲಕ್ಕಮ್ಮ ಹೂಂ ಅಂದಳು.

ಹೊತ್ತು ವಾಲಿದ ಮೇಲೆ ಜೀಪು ಬಂತು. ಅದರ ಧೂಳನ್ನೆಲ್ಲ ಕುಡಿಯುತ್ತ ಹಿಂದೆ ತಿಮ್ಮಪ್ಪನ ಸೈಕಲ್ಲು. ಸರ್ಕಾರದ ಜೀಪಿನಲ್ಲಿ ಸರ್ಕಾರ ಒಬ್ಬರೇ ಇರಲಿಲ್ಲ. ಹೆಂಡತಿ, ಮಕ್ಕಳು, ಅತ್ತೆ, ಒಂದು ಬುಟ್ಟಿ ಬಾಳೆಹಣ್ಣು ಎಲ್ಲ ಇದ್ದವು. ಬೆಳಿಗ್ಗೆಯಿಂದ ಅವರು ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಿಸಿ, ಜಿನನಾಥಪುರದ ಬಸದಿ ತೋರಿಸಿ, ಮನೆಮಂದಿಯನ್ನು ಸಂತೋಷಪಡಿಸುತ್ತಿದ್ದರು. ದೊಡ್ಡಕೊಪ್ಪಲು ವಾಪಸು ಹೋಗುವ ದಾರಿಗೆ ಹತ್ತಿರವಿತ್ತು. ಅತ್ತೆಯನ್ನೂ ಸರ್ಕಾರವನ್ನೂ ಒಂದೇ ಜೀಪಿನಲ್ಲಿ ತೂಗಿಸಿಕೊಂಡು ಹೋಗುವ ವಿದ್ಯೆ ದೊಡ್ಡ ನೌಕರಿಯವರಿಗೆ ಬರುತ್ತದೆ. ಸೈಕಲ್ಲಿನವರಿಗೆ ಅದನ್ನು ಯಾವ ಟ್ರೇನಿಂಗಿನಲ್ಲೂ ಕಲಿಸುವುದಿಲ್ಲ.

ತಿಮ್ಮಪ್ಪ ಹಾರ ಹಿಡಿದುಕೊಂಡು ಚಪ್ಪರದ ಕಡೆ ಕೈ ತೋರಿಸುತ್ತ ಮುಂದೆ ಓಡಿದವನು ಒನಕೆ ಕಂಡು ಕಲ್ಲಾಗಿ ನಿಂತ. ಬಿಸಿಲಲ್ಲಿ ಕುರ್ಚಿ. ಒಳಗೆ ಅಕ್ಕನ ಮಗಳು. ಬಾಗಿಲಲ್ಲಿ ಅಕ್ಕ.

ಸಾಹೇಬರು ಇದೇನು ಎಂದು ಕೇಳಿದರು. ಪಟೇಲ ಕೈ ಮುಗಿದು, ಗ್ರಾಮಸೇವಕರ ಅಕ್ಕನ ಮಗಳ ಗುಡ್ಲು ಎಂದು ವಿವರಿಸಿದ. ಸಾಹೇಬರು ಏನನ್ನುತ್ತಾರೋ ಎಂದು ಊರೆಲ್ಲ ಅವರ ಬಾಯನ್ನೇ ನೋಡಿತು. ಅಷ್ಟರಲ್ಲಿ ಅವರ ಅತ್ತೆ ಜೀಪಿನಿಂದ ಇಳಿದರು. ಅರಕಲಗೂಡು ಸೀಮೆಯ ಹಳ್ಳಿಯಲ್ಲಿ ಹುಟ್ಟಿದ ಹೆಂಗಸು. ಇಂಥ ಗುಡ್ಲು ನೋಡಿ ಎಷ್ಟು ವರ್ಷವಾಗಿತ್ತೋ, ಕಣ್ಣು ಒದ್ದೆ ಮಾಡಿಕೊಂಡರು. ಮೊಮ್ಮಗಳಿಗೆಂದು ಬೆಳಗೊಳದಲ್ಲಿ ಕೊಂಡಿದ್ದ ಬಳೆಗಳನ್ನು ಸಣ್ಣಕ್ಕನ ಕೈಯಲ್ಲಿ ಒಳಗೆ ಕೊಡಿಸಿ, ಬಾಗಿಲ ಜಡೆಯನ್ನು ಬಾಯಿ ತುಂಬ ಹೊಗಳಿದರು.

ಅತ್ತೆ ಮೆಚ್ಚಿದ್ದನ್ನು ಮೆಚ್ಚದಿರುವ ಅಧಿಕಾರಿ ಇನ್ನೂ ಹುಟ್ಟಿಲ್ಲ. ಸಾಹೇಬರು ತಿಮ್ಮಪ್ಪನ ಕಡೆ ತಿರುಗಿ ನಕ್ಕರು.

"ಅಲ್ರೀ, ಮನೇಲಿ ಇಂಥ ಕಾರ್ಯ ಇಟ್ಕೊಂಡು ಡ್ಯೂಟಿಗೆ ಯಾಕೆ ಬಂದ್ರಿ? ಒಂದೆರಡು ದಿನ ರಜ ಹಾಕೋದಲ್ವೇನ್ರಿ?"

ಗೊಬ್ಬರದ ಗುಂಡಿಗಳನ್ನು ಅವರು ನೋಡಲಿಲ್ಲ. ಮಕ್ಕಳಿಗೆ ಹಸಿವಾಗಿತ್ತು. ಎಳನೀರು ಕುಡಿದು ಜೀಪು ಹತ್ತಿದರು. ಹಾರ ತಿಮ್ಮಪ್ಪನ ಕೈಯಲ್ಲೇ ಉಳಿಯಿತು.

ನೀರು ಹಾಕುವ ದಿನ ಅವನು ಬೆಳಗ್ಗೆಯೇ ಬಂದ. ಖಾಕಿ ಚೀಲ ಇರಲಿಲ್ಲ, ಪಂಚೆ ಉಟ್ಟಿದ್ದ. ಸೋದರಸೊಸೆಗೆ ಸೀರೆಯನ್ನೂ ತಂದಿದ್ದ. ನಿಂಗಿ ಮಾವನನ್ನು ಕಂಡು ಮುಖ ಅರಳಿಸಿದಳು. ಲಕ್ಕಮ್ಮನ ಮನಸ್ಸೂ ಕರಗುವುದರಲ್ಲಿತ್ತು. ಕೊನೆಗೂ ಬುದ್ಧಿ ಬಂತಲ್ಲ ಎಂದು ಅವನ ಕೈಗೆ ಕೊಳ್ಳಿ ಕೊಡಲು ಹೋದಳು. ಆಗ ಅವನು ಎದೆ ಉಬ್ಬಿಸಿಕೊಂಡು ಹೇಳಿದ:

"ರಜ ಹಾಕು ಅಂತ ಸಾಯೇಬ್ರೇ ಆರ್ಡರ್ ಮಾಡವ್ರೆ ಕಣಕ್ಕಯ್ಯ. ಇಲ್ದಿದ್ರೆ ಬರಾಕಾಯ್ತಿತ್ತಾ?"

ಲಕ್ಕಮ್ಮ ಕೊಳ್ಳಿ ಕೊಟ್ಟಳು. ಅವನು ಇಟ್ಟ. ಒಣಗಿದ ಸೊಪ್ಪು ಚಟಪಟ ಎಂದು ಹತ್ತಿಕೊಂಡಿತು. ಹೆಂಗಸರು ಹಾಡಿದರು. ಲಕ್ಕಮ್ಮನ ತಮ್ಮ ಹಾಕಿದಂಥ ಗುಡ್ಲು ಈ ಸೀಮೆಯಲ್ಲೇ ಯಾರೂ ಹಾಕಿಲ್ಲ, ಹಾಸನದ ಸಾಹೇಬರ ಅತ್ತೆಯೇ ಮೆಚ್ಚಿದರು ಎಂದು ಊರಿನವರೆಲ್ಲ ಆಡಿಕೊಂಡರು. ತಿಮ್ಮಪ್ಪನಿಗೂ ಆ ಮಾತು ರುಚಿಸಿತು. ತಾನು ಮೊದಲಿನಿಂದ ಹಾಗೇ ಅಂದುಕೊಂಡಿದ್ದೆ ಎಂಬಂತೆ ತಲೆದೂಗಿದ. ಅಕ್ಕನ ಹತ್ತಿರ ಬಂದು, ಎಲ್ಲ ಚೆನ್ನಾಗಾಯಿತು ಅಲ್ಲವೇ ಎಂದು ಕೇಳಿದ.

ಲಕ್ಕಮ್ಮ ಬೆಂಕಿಯನ್ನೇ ನೋಡುತ್ತಿದ್ದಳು.

"ಊರ್ ಕಣ್ಗೆ ನನ್ ತಮ್ಮ ಗುಡ್ಲು ಹಾಕ್ದ ಕಣ್ಲಾ ತಿಮ್ಮ, ನಿಂಗಿ ಕಣ್ಗೂ ಅಂಗೇಯ," ಅಂದಳು. "ಯಾರ್ಗೆ ಹಾಕ್ದ ಅಂತ ನಂಗೊಬ್ಳಿಗೇ ಗೊತ್ತು. ಓಗು, ಎಲೆ ಹಾಕವ್ರೆ, ಉಣ್ಣು."

ಅವನು ಹೋಗಿ ಹೊಟ್ಟೆ ತುಂಬ ಉಂಡ.