ಸೊಸೆ ಎಂಬ ಔಷಧಿ

"ಮೇಡಂ, ನಮ್ಮಪ್ಪ ಗಾಳೇಶಣ್ಣನ ಲಗ್ನಾ ಗಟ್ಟಿ ಮಾಡಿ ಬಂದಾನ್ರಿ! ಸೋಮವಾರನ ಹೆಣ್ಣಿಗೆ ಸಕ್ಕರಿ ಹಾಕಾಕ ಹೊಂಟೀವಿ!"

ಕುಕನೂರಿನ ಕಾಲೇಜಿನ ಮೆಟ್ಟಿಲ ಮೇಲೆ ನಿಂತು ದೀಪಿಕಾ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆ ಕಡೆ ಇದ್ದವರು ಲಾಲಬೀ ಮೇಡಂ. ಯಲಬುರ್ಗಾದ ಸರ್ಕಾರಿ ದವಾಖಾನೆಯಲ್ಲಿ ಪ್ರತಿ ಮಂಗಳವಾರ ಮನಸ್ಸು ಕುಗ್ಗಿದವರೊಂದಿಗೆ ಕೂತು ಮಾತಾಡುವ ಆಪ್ತಸಮಾಲೋಚಕಿ ಅವರು. ಗಾಳೇಶ ನಾಲ್ಕು ತಿಂಗಳಿಂದ ಅವರಲ್ಲಿಗೆ ಹೋಗುತ್ತಿದ್ದ.

"ಗಾಳೇಶನ್ನ ಕೇಳ್ಯಾರೇನವಾ?"

"ಅವನ್ನ ಯಾರ ಕೇಳ್ತಾರ್ರಿ? ಹೊಸ ಅಂಗಿಗೆ ಅಳತಿ ಕೊಟ್ಟು ಬಾ ಅಂದಾಗ ಅವಗ ಗೊತ್ತಾಗಿದ್ದು!"

ಗಂಗಾವತಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಗಾಳೇಶ ಹಾಡು, ಸಭೆ, ಕರಪತ್ರ ಎನ್ನುತ್ತ ಒಂದು ದಿನ ಬಂದೂಕಿನ ದಳದ ಹಿಂದೆ ಕಾಡಿಗೆ ಹೋಗಿಬಿಟ್ಟಿದ್ದ. ಬಡವರಿಗೆ ನ್ಯಾಯ ಕೊಡಿಸುತ್ತೇನೆಂದು ಹೋದವನ ಕಣ್ಣೆದುರಿಗೇ, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನನ್ನು ಪೊಲೀಸರ ಕಡೆಯವನೆಂದು ದಳದವರು ಕೊಂದರು. ಗಾಳೇಶ ಬಾಯಿ ಬಿಡಲಿಲ್ಲ. ಆಮೇಲೆ ಶರಣಾದ, ಜೈಲು ಕಂಡ, ಮನೆಗೆ ಬಂದ. ಬಂದವನು ಮೂಲೆ ಹಿಡಿದ. ದೀಪಿಕಾ ಎಷ್ಟು ಮಂಗಾಟ ಮಾಡಿದರೂ ಅವಳ ಹಿಂದಿನ ಗೋಡೆಯನ್ನೇ ನೋಡುತ್ತಿದ್ದ. ಒಂದು ಮಧ್ಯಾಹ್ನ ಬಾವಿಯ ಕಟ್ಟೆ ಹತ್ತಿ ಕೂತಿದ್ದವನನ್ನು ಚಿಕ್ಕಪ್ಪನ ಹೆಂಡತಿ ಪಾರಮ್ಮ ಚಿಗವ್ವ ಕೈಹಿಡಿದು ಕರೆತಂದಳು. ಅದರ ಮರುದಿನವೇ ದೀಪಿಕಾ ಅಣ್ಣನನ್ನು ದವಾಖಾನೆಗೆ ಎಳೆದೊಯ್ದಳು. ಈಗೀಗ ಅವನು ಇನ್ನೊಂದು ರೊಟ್ಟಿ ಹಾಕು ಎಂದು ಬಾಯಿಬಿಟ್ಟು ಕೇಳುತ್ತಿದ್ದ.

ಅಪ್ಪ ಪಕೀರಪ್ಪನಿಗೆ ಮಾತ್ರ ದವಾಖಾನೆಯ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಮಗ ಪುಣೆಯ ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದ ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಹೆಣ್ಣು ಗೊತ್ತಾದ ಮೇಲಂತೂ ಗುಳಿಗೆಗಳನ್ನು ಜೋಳದ ಚೀಲದೊಳಗೆ ಬಚ್ಚಿಟ್ಟ. ದೀಪಿಕಾ ಹುಡುಕಿ ತೆಗೆದು ಅಣ್ಣನಿಗೆ ಕೊಟ್ಟಳು. ಆದರೆ ಹೋದ ಮಂಗಳವಾರ ಅಪ್ಪ ಬಾಗಿಲಿಗೇ ಅಡ್ಡ ನಿಂತಿದ್ದ.

"ಮಾತಾಡಿದ್ರ ಜಡ್ಡು ಹೊಕ್ಕೈತೇನು? ಹೆಂಡ್ತಿ ಬಂದು ನಾಕು ಬಿಸಿ ರೊಟ್ಟಿ ಬಡದು ಹಾಕ್ಲಿ, ಎಲ್ಲಾ ತಾನ ನೆಟ್ಟಗಾಕ್ಕೈತಿ."

"ಅಪ್ಪಾ, ಆ ಹುಡುಗಿಗೆ ಹೇಳೀಯೇನು?"

"ಹೇಳಿದ್ರ ಯಾರ ಕೊಡ್ತಾರ? ಡಿಗ್ರಿ ಓದಾಕಿ, ಇಷ್ಟು ತಿಳಿಯಂಗಿಲ್ಲೇನು ನಿನಗ?"

ಒಲೆಯ ಮುಂದಿದ್ದ ಪಾರಮ್ಮನ ಕೈ ನಿಂತಿತು. ತೊಂಬತ್ತೇಳನೇ ಇಸವಿಯಲ್ಲಿ, ಹದಿನಾರರ ಹುಡುಗಿ, ಪಕೀರಪ್ಪನ ತಮ್ಮನಿಗೆ ಹೆಂಡತಿಯಾಗಿ ಈ ಮನೆಗೆ ಬಂದಿದ್ದಳು. ಅವನೂ ಹೀಗೆಯೇ ಮೂಲೆ ಹಿಡಿದವನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಲಗ್ನವಾದ ಹದಿನೆಂಟನೇ ದಿನ ಅವನು ಬಾವಿಗೆ ಬಿದ್ದ. ಕಾಲ್ಗುಣ ಸರಿಯಿಲ್ಲ ಎಂದರು. ಅಂದಿನಿಂದ ತಾಯಿಯಿಲ್ಲದ ಈ ಎರಡು ಮಕ್ಕಳನ್ನು ಸಾಕುತ್ತ, ಯಾವ ಶುಭಕಾರ್ಯದಲ್ಲೂ ಮುಖ ತೋರಿಸದೆ ಉಳಿದಿದ್ದಳು.

ಸೋಮವಾರವೂ ಅವಳನ್ನು ಮನೆಯಲ್ಲೇ ಬಿಟ್ಟು ಮೂವರು ತಾವರಗೇರಾಕ್ಕೆ ಹೋದರು. ಹೆಣ್ಣಿನ ತಂದೆ ಅಮರಪ್ಪ ಅಲ್ಲಿ ಖಾನಾವಳಿ ನಡೆಸುವವನು, ಬಾಯಿ ತುಂಬ ಮಾತಿನವನು. ಅಳಿಯ ತನ್ನದೇ ಕಸುಬಿನವನೆಂದು ಹಿಗ್ಗಿ ಹೋಗಿದ್ದ.

"ಹಂಗಾರ ಹೇಳಪಾ ಗಾಳೇಶ, ನೂರು ಮಂದಿಗೆ ಎಣಗಾಯಿ ಮಾಡ್ಬೇಕಂದ್ರ ಎಷ್ಟು ಬದ್ನಿಕಾಯಿ ಬೇಕು?"

ಗಾಳೇಶ ನೆಲ ನೋಡಿದ. ಪಕೀರಪ್ಪ ನಡುವೆ ಹಾರಿದ. "ಅವ ಭಾಳ ನಾಚಿಗಿ ಹುಡುಗ್ರಿ."

"ಬದ್ನಿಕಾಯಿಗೆ ಎಂಥಾ ನಾಚಿಗಿರಿ?"

ಹೆಂಗಸರು ಕಿಸಕ್ಕನೆ ನಕ್ಕರು. ಹೆಣ್ಣಿನ ಉಡಿಗೆ ಹಾಕಿ ಮಾತು ಗಟ್ಟಿ ಮಾಡಲು ಸಕ್ಕರೆಯ ತಟ್ಟೆ ಮುಂದೆ ಬಂತು. ಆಚೆ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತ ಹೆಣ್ಣು ಲಲಿತಾ ದೀಪಿಕಾಳ ವಯಸ್ಸಿನವಳೇ. ಆಗ ಗಾಳೇಶ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ನಾ ಹೋಟೆಲಿನ್ಯಾಗ ಇರ್ಲಿಲ್ರಿ. ಬಂದೂಕಿನ ದಳದಾಗ ಇದ್ನಿ. ಬಿಟ್ಟು ಬಂದ ಮ್ಯಾಲೆ ಮನಸು ಕುಗ್ಗಿ ಸಾಯಾಕ ಹೊಂಟಿದ್ನಿ. ಗುಳಿಗಿ ತಗೋತೀನಿ, ದವಾಖಾನಿಗೆ ಹೊಕ್ಕೀನಿ. ಆರಾಮ ಆಗಾಕತ್ತೀನಿ, ಪೂರಾ ಆಗಿಲ್ಲ. ಹಿಂದ ಒಮ್ಮೆ ನಾ ಸುಮ್ಮನಿದ್ದು ಒಬ್ಬನ ಜೀವಾ ಹೋತು. ಇವತ್ತು ಸುಮ್ಮನಿದ್ರ ಈಕಿ ಜೀವನಾ ಹೊಕ್ಕೈತಿ. ಈ ಸಕ್ಕರಿ ಹಾಕಾಕ ನಾ ಒಲ್ಲೆ."

ಅಮರಪ್ಪ ಧಡಕ್ಕನೆ ಎದ್ದ. "ಏನ್ರೀ ಪಕೀರಪ್ಪ, ನನ್ನ ಮಗಳು ನಿಮ್ಮ ಮನಿಗೆ ನರ್ಸ್ ಆಗಿ ಬರಬೇಕಿತ್ತೇನು?"

"ಅಪ್ಪಾ, ಕುಂದ್ರು," ಎಂದಳು ಲಲಿತಾ, ತಲೆಯೆತ್ತಿ. "ಹಿಂದ ನನ್ನ ನೋಡಾಕ ಬಂದವನ ಕುಡಿತ ಓಣಿಗೆಲ್ಲ ಗೊತ್ತಿತ್ತು, ನಮಗೊಬ್ರಿಗೆ ಹೇಳಿರ್ಲಿಲ್ಲ. ಇವ್ರು ತಾವ ಎದ್ದು ಹೇಳ್ಯಾರ. ಇವ್ರನ್ನ ಬೈಬ್ಯಾಡ." ಬಳಿಕ ಗಾಳೇಶನ ಕಡೆ ತಿರುಗಿದಳು. "ಲಗ್ನಾ ನಾನೂ ಒಲ್ಲೆರಿ. ಮೊದ್ಲ ಆರಾಮಾಗ್ರಿ. ದವಾಖಾನಿ ತಪ್ಪಿಸಬ್ಯಾಡ್ರಿ."

ಮೂವರೂ ಬಸ್ಸು ಹಿಡಿದು ಊರಿಗೆ ಮರಳಿದರು. ಮನೆಯ ಹೊಸ್ತಿಲು ದಾಟಿದ್ದೇ ತಡ, ಪಕೀರಪ್ಪ ರುಮಾಲು ಬಿಚ್ಚಿ ಎಸೆದ. "ನನ್ನ ಮಾನಾ ಕಳದ! ಪಾರಮ್ಮ, ನೀ ಸಾಕಿದ ಮಗಾ ಏನ ಮಾಡ್ಯಾನ ಕೇಳು!"

ದೀಪಿಕಾ ಎಲ್ಲವನ್ನೂ ಹೇಳಿದಳು. ಇಪ್ಪತ್ತು ವರ್ಷ ಭಾವನ ಎದುರು ದನಿ ಎತ್ತದ ಪಾರಮ್ಮ ಅಂದು ನಡುಮನೆಗೆ ಬಂದು ನಿಂತಳು.

"ಭಾವಾರ, ನಿಮ್ಮ ತಮ್ಮಗ ನನ್ನನ್ನ ಔಷಧಿ ಅಂತ ತಂದ್ರಿ. ನಾ ಮನಷ್ಯಾಳು, ಔಷಧಿ ಅಲ್ಲ. ಅವರಿಗೆ ಡಾಕ್ಟರ್ ಬೇಕಾಗಿತ್ತು, ಹೆಂಡ್ತಿ ಅಲ್ಲ. ನಮ್ಮಿಬ್ಬರನ್ನೂ ಕೊಂದ್ರಿ. ಅವರು ಬಾವ್ಯಾಗ ಹೋದ್ರು, ನಾ ಈ ಅಡಗಿಮನ್ಯಾಗ. ಗಾಳೇಶ ಇವತ್ತು ಒಂದು ಹುಡುಗೀನ ಉಳಿಸ್ಯಾನ. ನಿಮ್ಮ ಮಾನಾನೂ ಉಳಿಸ್ಯಾನ, ತಿಳೀಲಿಲ್ಲ ನಿಮಗ."

ಪಕೀರಪ್ಪ ಕಂಬಕ್ಕೆ ಆತು ಕುಸಿದು ಕೂತ. ತಮ್ಮನ ಮಾತು ಆ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಯಾರ ಬಾಯಲ್ಲೂ ಬಂದಿರಲಿಲ್ಲ.

"ಅವನ್ನೂ ಎಲ್ಯಾರ ತೋರಿಸಬೇಕಿತ್ತು," ಎಂದ. "ಮಂದಿ ಏನಂತಾರಂತ ಅಂಜಿದ್ನಿ."

ಗಾಳೇಶ ಅಪ್ಪನ ಪಕ್ಕ ಬಂದು ಕೂತ. ಇಬ್ಬರ ಕಣ್ಣೂ ತುಂಬಿದ್ದವು. ದೀಪಿಕಾಳಂತೂ ಕುಣಿಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತ ಲಾಲಬೀ ಮೇಡಂಗೆ ಫೋನು ಹಚ್ಚಿದಳು.

"ಮೇಡಂ, ಗೆದ್ದ್ವಿರಿ! ನಾಳಿ ಅಣ್ಣ ಬರ್ತಾನ್ರಿ!"

"ಬರ್ಲಿ. ಹತ್ತಕ್ಕ ಅವನ ಸಲುವಾಗಿ ಕುಂತಿರ್ತೀನಿ."

ಪಕೀರಪ್ಪ ಕೈಚಾಚಿ ಫೋನು ಇಸಿದುಕೊಂಡ.

"ನಮಸ್ಕಾರ್ರಿ ಮೇಡಂ, ನಾ ಗಾಳೇಶನ ಅಪ್ಪ. ನನಗೂ ಒಂದು ಕುರ್ಚಿ ಇಡಸ್ರಿ. ನಮ್ಮ ತಮ್ಮಂದು ಸ್ವಲ್ಪ ಮಾತಾಡೂದು ಐತಿ. ಹತ್ತಕ್ಕ ಬರ್ತೀವ್ರಿ."