ಚಕ್ಕೋತ ಹೊತ್ತ ಕಾಡುನಿಂಬೆ

ನಾನು ಒಂದು ಕಾಡುನಿಂಬೆಯ ಬುಡ. ನರ್ಸರಿಯ ಕಪ್ಪು ಚೀಲದಲ್ಲಿ ಮೊಳೆತೆ. ಪೆನ್ಸಿಲಿನಷ್ಟು ದಪ್ಪವಾದಾಗ ನನ್ನ ತೊಗಟೆ ಸೀಳಿ, ಚಕ್ಕೋತದ ಮೊಗ್ಗೊಂದನ್ನು ಒಳಗೆ ಕೂರಿಸಿ ಪಟ್ಟಿ ಕಟ್ಟಿದರು. ಅದು ಚಿಗುರಿದ ಮೇಲೆ ನನ್ನ ತಲೆ ಕತ್ತರಿಸಿದರು. ಕಸಿ ಎಂದರೆ ಹಾಗೆ. ಬೇರು ನನ್ನದು, ಹಣ್ಣು ಅದರದು. ನನಗೆ ಒಪ್ಪಿಸಿದ್ದು ಹೊರುವ ಕೆಲಸ.

ತಿಪಟೂರಿನ ಹಾಲಪ್ಪನವರಿಗೆ ಚಕ್ಕೋತವೆಂದರೆ ಪ್ರಾಣ. ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ತಂದರು. ಹಿತ್ತಲಲ್ಲಿ ಪಾತಿ ಮಾಡಿ ನೀರೆರೆದವರು ಅವರ ಹೆಂಡತಿ ಶಿವನಂಜಮ್ಮ.

ಚಕ್ಕೋತ ನಿಧಾನದ್ದು. ನನಗೆ ತಡೆಯಲಾಗಲಿಲ್ಲ. ಕಸಿಯ ಕೆಳಗಿನಿಂದ ಒಂದು ಚಿಗುರು ಬಿಟ್ಟೆ, ಆಮೇಲೆ ಇನ್ನೂ ಕೆಲವು, ಮೈತುಂಬ ಮುಳ್ಳು. ಅವನ್ನು ಆಗಲೇ ಚಿವುಟಿ ಎಸೆಯಬೇಕಿತ್ತು. ಶಿವನಂಜಮ್ಮ "ಎಷ್ಟ್ ಚೆನ್ನಾಗ್ ಬರ್ತೈತೆ ನೋಡಿ" ಎಂದು ಹಿಗ್ಗಿ, ನನಗೆ ಬಿಸಿಲು ಸಾಲದೆಂದು ಪಕ್ಕದ ಬಡಕಲು ಕೊಂಬೆಗಳನ್ನು ಕಡಿದರು. ಕಡಿದದ್ದು ಚಕ್ಕೋತವನ್ನು. ಗೋಡೆಯ ಕಡೆ ಬಾಗಿದ ಒಂದೇ ಕೊಂಬೆ ಉಳಿಯಿತು. ಅದಕ್ಕೂ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದರು.

ನಾನು ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟೆ. ಒರಟು ಸಿಪ್ಪೆ, ಕಣ್ಣು ಮುಚ್ಚಿಸುವಷ್ಟು ಹುಳಿ. ಶಿವನಂಜಮ್ಮ ಉಪ್ಪಿನಕಾಯಿ ಹಾಕಿ ಬೀದಿಗೆಲ್ಲ ಹಂಚಿದರು. ಗಂಡನಿಗೆ ಬಡಿಸುವಾಗ ಮಾತ್ರ ಚುಚ್ಚದೆ ಬಿಟ್ಟವರಲ್ಲ.

"ತಗಳಿ, ನಿಮ್ಮ ಚಕ್ಕೋತ. ನರ್ಸರಿಯೋನು ಟೋಪಿ ಹಾಕಿದ್ದೂ ಗೊತ್ತಾಗ್ಲಿಲ್ಲ ನಿಮ್ಗೆ."

ನೆಂಟರೆದುರಿಗೂ ಇದೇ ಮಾತು. ತಪ್ಪು ನನ್ನದು, ಬೈಗುಳ ಅವರಿಗೆ. ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಹಾಲಪ್ಪನವರು ತಲೆ ತಗ್ಗಿಸಿ ಅನ್ನ ಕಲಸಿಕೊಳ್ಳುತ್ತಿದ್ದರು.

ಇಬ್ಬರಿಗೂ ತಲೆ ನರೆತ ಮೇಲೆ, ಶಿವನಂಜಮ್ಮನ ತಂಗಿಯ ಮಗಳು, ತೋಟಗಾರಿಕೆ ಓದಿದ ವಿನುತಾ ಬಂದಳು. ನನ್ನದೊಂದು ಎಲೆ, ಗೋಡೆಯ ಪಕ್ಕದ ಕೊಂಬೆಯದೊಂದು ಎಲೆ ಕಿತ್ತು ಶಿವನಂಜಮ್ಮನ ಅಂಗೈಯಲ್ಲಿಟ್ಟಳು. ಎರಡನೆಯದರ ತೊಟ್ಟಿನಲ್ಲೇ ಇನ್ನೊಂದು ಪುಟ್ಟ ಎಲೆಯಿತ್ತು. ಹೊಸಕಿದರೆ ವಾಸನೆಯೂ ಬೇರೆ.

"ಯಾರೂ ಮೋಸ ಮಾಡಿಲ್ಲ ದೊಡ್ಡಮ್ಮ. ದೊಡ್ಡಪ್ಪ ತಂದಿದ್ದು ಚಕ್ಕೋತನೇ, ಈ ಕೊಂಬೆ ಅದು. ನೀವು ಸಾಕಿದ್ದು ಕೆಳಗಿನ ಬೇರಿನ ಗಿಡಾನ."

ಶಿವನಂಜಮ್ಮ ಎಲೆಗಳನ್ನು ಹಿಡಿದುಕೊಂಡೇ, ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಗಂಡನ ಮುಂದೆ ನಿಂತರು.

"ನಾನೇ ಕಡ್ದಿದ್ದು ಕಣ್ರೀ. ನಿಮ್ನ ಸುಮ್ಸುಮ್ನೆ ಅಂದೆ."

"ಗೊತ್ತಿತ್ತು ಕಣೆ," ಎಂದರು ಹಾಲಪ್ಪನವರು. "ಮುಳ್ಳು ನೋಡ್ದಾಗ್ಲೇ ಗೊತ್ತಾಯ್ತು. ನೀನು ಬೀದಿಗೆಲ್ಲ ಹಂಚ್ಕೊಂಡು ಖುಷಿಯಾಗಿದ್ದೆ. ಕಡಿ ಅನ್ನೋಕೆ ಮನಸ್ಸು ಬರ್ಲಿಲ್ಲ."

ಶಿವನಂಜಮ್ಮ ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಮರುದಿನ ಗರಗಸ ಬಂತು. ನನ್ನ ಕೊಂಬೆಗಳೆಲ್ಲ ಹೋದವು. ಗಾಯಗಳಿಗೆ ಮೈಲುತುತ್ತ, ಸುಣ್ಣ ಬಳಿದು, ಚಕ್ಕೋತದ ಕೊಂಬೆಗೆ ಕವೆಗೋಲಿನ ಆಸರೆ ಕೊಟ್ಟರು. ಈಗ ಮಣ್ಣಿನ ಮೇಲೆ ನಾನು ಗೇಣುದ್ದ ಅಷ್ಟೇ. ಹಾಗಿದ್ದೂ ಚಿಗುರದೆ ಇರಲಾರೆ. ಶಿವನಂಜಮ್ಮ ಬೆಳಿಗ್ಗೆ ಕಷ್ಟಪಟ್ಟು ಬಗ್ಗಿ, ಆ ಚಿಗುರನ್ನು ಹೆಬ್ಬೆರಳಿನಿಂದ ತಿಕ್ಕಿ ಹಾಕುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ನನಗೂ ಸ್ವಲ್ಪ ಹಗುರವಾಗುತ್ತಿತ್ತು.

ಹಾಲಪ್ಪನವರು ಈಗ ಹಾಸಿಗೆ ಬಿಟ್ಟು ಏಳುವುದು ಅಪರೂಪ. ಶಿವರಾತ್ರಿಯ ಹೊತ್ತಿಗೆ ಚಕ್ಕೋತ ಹೂ ಬಿಟ್ಟಾಗ ಶಿವನಂಜಮ್ಮ ಕೊಂಬೆ ಹಿಡಿದು, "ಅವ್ರು ಇರೋವಾಗ್ಲೇ ಒಂದು ಹಣ್ಣು ಕೊಡವ್ವ" ಎಂದು ಬೇಡಿದರು. ಬೇಡಿದ್ದು ಚಕ್ಕೋತವನ್ನು, ಕೊಡಬೇಕಾದದ್ದು ನಾನು. ಇಷ್ಟು ವರ್ಷ ಅವರು ಎರೆದ ನೀರನ್ನೆಲ್ಲ ಮುಳ್ಳಿಗೂ ಹುಳಿಗೂ ಸುರಿದದ್ದೂ ನಾನೇ. ಈಗ ಬೇರು ಎಟುಕಿದಲ್ಲಿಂದೆಲ್ಲ ಹೀರಿ ಮೇಲಕ್ಕೆ ಕಳಿಸುತ್ತಿದ್ದೇನೆ.

ಒಂದು ಕಾಯಿ ನಿಂತಿದೆ, ಅಡಿಕೆ ಗಾತ್ರದ್ದು. ಹಣ್ಣಾಗಬೇಕಾದರೆ ಮಳೆಗಾಲವೆಲ್ಲ ಕಳೆಯಬೇಕು.