ಎಲ್ಲ ಪದಕ್ಕೂ ದತ್ತುವಿನ ದನಿ

ಫೋನಿನಲ್ಲಿ ಯಾವ ತತ್ವಪದ ಒತ್ತಿದರೂ ದತ್ತುವಿನ ದನಿಯೇ ಬರುತ್ತಿತ್ತು. ಸೇಡಂ ಬಸ್ ನಿಲ್ದಾಣದ ಎದುರಿನ ತನ್ನ ಆನ್‌ಲೈನ್ ಸೆಂಟರಿನಲ್ಲಿ, ಪಹಣಿ ತೆಗೆಸಲು ಬಂದವರೆಲ್ಲ ಹೋದ ಮೇಲೆ, ಶ್ರುತಿ ಫೋನನ್ನು ಕಿವಿಗೆ ಹಿಡಿದು ಮತ್ತೊಮ್ಮೆ ಕೇಳಿದಳು. ‘ಬಾಗಿಲಿಲ್ಲದ ಮನಿಗೆ ಚಿಲಕ ಯಾತಕ’ ಎಂಬ ಪದವನ್ನು ತೆಂಗಳಿಯ ಭಜನಾ ಮಂಡಳಿಯಲ್ಲಿ ಹಾಡದವರಿಲ್ಲ. ಅಷ್ಟೂ ಜನರ ದನಿಯನ್ನು ಒಬ್ಬೊಬ್ಬರದಾಗಿ ರೆಕಾರ್ಡ್ ಮಾಡಿಟ್ಟವಳು ಅವಳೇ. ಹೋದ ವರ್ಷ ತೀರಿಕೊಂಡ ಹಣಮಮ್ಮ ಅತ್ತಿಯ ದನಿಯೂ ಅದರಲ್ಲಿತ್ತು. ಈಗ ಒಂದೇ ಉಳಿದಿತ್ತು, ದತ್ತುವಿನದು.

ಆ ಹಾಡುಗಳೆಲ್ಲ ಇದ್ದದ್ದು ತೆಂಗಳಿಯಲ್ಲಿ, ಅವಳ ಕಾಕಾ ಜಟ್ಟೆಪ್ಪನ ಮನೆಯ ಗೋಡೆಗೂಡಿನಲ್ಲಿ ಕೂತ ಅಂಗೈಯಗಲದ ಕಂಪ್ಯೂಟರಿನೊಳಗೆ. ಅದರಲ್ಲಿ ನಡೆಯುತ್ತಿದ್ದ ಹಾಡಿನ ಸರ್ವರ್ ಓಪನ್ ಸೋರ್ಸ್. ಪುಕ್ಕಟೆ ಸಿಗುವಂಥದ್ದು, ಯಾರು ಬೇಕಾದರೂ ಅದರ ಕೋಡ್ ಬಿಚ್ಚಿ ನೋಡಬಹುದು, ದೋಷ ಕಂಡರೆ ತಿದ್ದಿ ಕಳಿಸಬಹುದು. ಮಂಡಳಿಯವರು ಹೊಲದಲ್ಲಿರಲಿ, ಕೆಲಸಕ್ಕೆಂದು ವಾಡಿ ಪಟ್ಟಣಕ್ಕೆ ಹೋಗಿರಲಿ, ಫೋನಿನಲ್ಲೇ ಪದ ಕೇಳುತ್ತಿದ್ದರು. ಶ್ರುತಿಯೂ ಬಿಡುವಿದ್ದಾಗ ಆ ಕೋಡಿನಲ್ಲಿ ಕೈಯಾಡಿಸುವವಳು. ಹೋದ ತಿಂಗಳು ಅವಳ ತಿದ್ದುಪಡಿಯೊಂದನ್ನು ದೂರದೇಶದಲ್ಲಿದ್ದ ಅದರ ಮುಖ್ಯಸ್ಥನು ಒಪ್ಪಿಕೊಂಡು ಹೊಸ ಆವೃತ್ತಿಗೆ ಸೇರಿಸಿದ್ದ. ಆ ಖುಷಿಯಲ್ಲೇ ಅವಳು ಹೋದ ವಾರ ಕಾಕಾನ ಮನೆಯ ಕಂಪ್ಯೂಟರಿಗೂ ಹೊಸ ಆವೃತ್ತಿ ಹಾಕಿ ಬಂದಿದ್ದಳು.

ಅವಳ ಸಂಶಯವೆಲ್ಲ ದತ್ತುವಿನ ಮೇಲೆಯೇ ಹೋಯಿತು. ಶಹಾಬಾದಿನಲ್ಲಿ ಫರಸಿಕಲ್ಲು ಪಾಲಿಶ್ ಮಾಡುವ, ಮಂಡಳಿಯಲ್ಲಿ ಹಾಡುವ ದತ್ತು ಈಚೆಗೆ ಹೊಸ ಮೈಕ್ ಕೊಂಡಿದ್ದ. ಮಂಡಳಿಯ ಪದಗಳನ್ನೆಲ್ಲ ಒಂದೊಂದಾಗಿ ತಾನೇ ಹಾಡಿ ಏರಿಸುತ್ತಿದ್ದ. ಹಳೆಯವುಗಳಲ್ಲಿ ಪದಕ್ಕಿಂತ ಕೋಳಿ ಕೂಗಿದ್ದೇ ಹೆಚ್ಚು, ತೆಗೆದುಹಾಕಿ ಹೊಸದಾಗಿ ತುಂಬೋಣ ಎಂದು ಎರಡು ಸಲ ಅಂದಿದ್ದ. ಅಳಿಸುವುದು ಹೇಗೆಂದು ಅವಳನ್ನೇ ಕೇಳಿಯೂ ಇದ್ದ. ಅವಳು ಹೇಳಿಕೊಟ್ಟಿದ್ದಳು. ಸರ್ವರ್ ತೆರೆದು ನೋಡಿದರೆ ಕಡೆಗೆ ಒಳಬಂದವನ ಹೆಸರು ದತ್ತುವಿನದೇ.

ಭಾನುವಾರ ಸೆಂಟರಿಗೆ ಬೀಗ ಹಾಕಿ ಲ್ಯಾಪ್‌ಟಾಪ್ ಚೀಲ ಹೊತ್ತು ತೆಂಗಳಿಗೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುವ ಅಣವೀರ ಕಾಕಾನ ಮನೆಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ಅವನಿಗೂ ದತ್ತುವಿಗೂ ಹಾಡಿನ ಸ್ವರ ಹಿಡಿಯುವ ವಿಷಯದಲ್ಲಿ ಮೊದಲಿನಿಂದ ಆಗಿಬರದು.

“ಅಂವಗ ತನ್ನ ದನಿ ತಾ ಕೇಳಿದ್ರನೇ ನಿದ್ದಿ ಬರ್ತದ,” ಎಂದ ಅಣವೀರ. “ಈಗ ಊರಿಗೆಲ್ಲಾ ಜೋಗುಳ ಹಾಡಾಕತ್ಯಾನ.”

ಜಟ್ಟೆಪ್ಪ ನಗಲಿಲ್ಲ. ಹಣಮಮ್ಮ ಅವನ ಒಡಹುಟ್ಟಿದ ಅಕ್ಕ. ದಿನವೂ ಎಮ್ಮೆ ಹಿಂಡುವಾಗ ಅವಳ ಪದ ಹಚ್ಚಿಕೊಳ್ಳುತ್ತಿದ್ದವನು ಈ ವಾರವೆಲ್ಲ ಸುಮ್ಮನೆ ಹಿಂಡಿದ್ದ.

“ನಾಳಿ ಸೋಮವಾರದ ಭಜನಿಗಿ ಬರಬ್ಯಾಡ ಅಂತ ದತ್ತೂಗ ಹೇಳಿ ಕಳಿಸ್ತೀನಿ,” ಎಂದ. “ನಮ್ಮಕ್ಕನ ದನಿ ತೆಗೆದಂವನ ಬಾಜೂಕ ನಾ ಹ್ಯಾಂಗ ಕುಂದರ್ಲಿ?”

ಹೇಳಿ ಕಳಿಸುವ ಮೊದಲು ಡಿಸ್ಕ್ ಒಮ್ಮೆ ನೋಡಿಬಿಡುತ್ತೇನೆ ಎಂದಳು ಶ್ರುತಿ. ದತ್ತು ನಿರಪರಾಧಿ ಎಂದೇನೂ ಅವಳಿಗೆ ಅನಿಸಿರಲಿಲ್ಲ. ಅಳಿಸಿದ ಗುರುತು ಸಿಕ್ಕರೆ ಎದುರಿಗಿಟ್ಟು ಕೇಳಬಹುದೆಂದಷ್ಟೇ ಇತ್ತು. ಗೂಡಿನಿಂದ ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿ ತೆರೆದಳು.

ಎಲ್ಲವೂ ಅಲ್ಲೇ ಇದ್ದವು.

ಅವಳು ನಂಬದೆ ಒಂದನ್ನು ಒತ್ತಿದಳು. ಮೊದಲು ಕೆಮ್ಮು. ಆಮೇಲೆ, “ಹಚ್ಚೀದೇನವ್ವ? ಹ್ಞೂಂ,” ಎಂದು ಹಣಮಮ್ಮ ಅತ್ತಿ ಕೇಳಿದಳು. ಹಿಂದೆ ಕೋಳಿ ಕೂಗಿತು. ಪದ ಶುರುವಾಯಿತು. ಜೋಳ ಹಸನು ಮಾಡುತ್ತಿದ್ದ ಬಸ್ಸಮ್ಮ ಕಾಕಿಯ ಮೊರ ನಿಂತಿತು.

ಪದ ಮುಗಿದ ಮೇಲೆ ಜಟ್ಟೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, “ಅಳಿಸಿಲ್ಲ ಅಂದ್ರ ಅಡಗಿಸ್ಯಾನ,” ಎಂದ.

“ಅದೂ ಬರ್ತದ ಅಂವಗ,” ಎಂದ ಅಣವೀರ.

ಅಡಗಿಸುವುದು ಎಂಬ ಮಾತಿಗೆ ಶ್ರುತಿಗೆ ತನ್ನ ತಿದ್ದುಪಡಿ ನೆನಪಾಯಿತು. ಒಂದೇ ಹಾಡು ಎರಡೆರಡು ಸಲ ಕಾಣಿಸುತ್ತದೆ ಎಂದು ಯಾರೋ ದೂರು ಬರೆದಿದ್ದರು. ಹಾಡಿನ ಹೆಸರೂ ಹಾಡಿದವರ ಹೆಸರೂ ಒಂದೇ ಇದ್ದರೆ ಕಡೆಗೆ ಬಂದದ್ದನ್ನು ಮಾತ್ರ ತೋರಿಸು, ಉಳಿದದ್ದನ್ನು ಅಡಗಿಸು ಎಂದು ತಿದ್ದಿ ಕಳಿಸಿದವಳು ತಾನೇ. ಆ ದೂರಿನವನ ಮನೆಗೆ ಅದು ಸರಿಯೇ. ಇಲ್ಲಿ? ಹಾಡಿದವರ ಹೆಸರು ಬರೆಯುವ ಜಾಗದಲ್ಲಿ ಏನು ಹಾಕಲಿ ಎಂದು ಅವಳು ಕೇಳಿದಾಗ ಕಾಕಾ ಸಿಟ್ಟಾಗಿದ್ದ. ಪದ ಅದನ್ನು ಕಟ್ಟಿದ ಗುರುಗಳದು, ನಮ್ಮದು ಬರೀ ಬಾಯಿ, ನಮ್ಮ ಹೆಸರು ಯಾಕೆ ಎಂದಿದ್ದ. ಹಾಗಾಗಿ ಮಂಡಳಿಯ ಒಂದೊಂದು ಹಾಡಿಗೂ ಅವಳು ಗುರುಗಳ ಹೆಸರನ್ನೇ ಬರೆದಿದ್ದಳು. ದತ್ತುವೂ ಹಾಗೇ ಬರೆದು ಏರಿಸಿದ್ದ. ಸರ್ವರಿನ ಕಣ್ಣಿಗೆ ಹಣಮಮ್ಮ, ಜಟ್ಟೆಪ್ಪ, ಅಣವೀರ, ದತ್ತು ಎಲ್ಲರೂ ಒಬ್ಬರೇ; ಕಡೆಗೆ ಬಂದದ್ದು ದತ್ತುವಿನ ದನಿ.

“ಅಡಗಿಸಿದ್ದು ದತ್ತುಮಾಮಾ ಅಲ್ಲ, ಕಾಕಾ. ನಾ ಮಾಡಿದ ತಿದ್ದುಪಡಿ,” ಎಂದು ಎಲ್ಲವನ್ನೂ ಬಿಡಿಸಿ ಹೇಳಿದಳು.

ಜಟ್ಟೆಪ್ಪ ಅವಳ ಮುಖವನ್ನೇ ನೋಡಿದ. ಈಗ ಸಂಶಯ ಅವಳ ಕಡೆ ತಿರುಗಿತ್ತು. “ಅಂವನ್ನ ಉಳಿಸಬೇಕಂತ ಹೇಳಾಕತ್ತೀ ಏನು?”

“ಹಂಗಿದ್ರ ನಂದ್ಯಾಕ ಕಾಣವಲ್ದು? ಅಂವಂದೇ ಯಾಕ?” ಎಂದು ಅಣವೀರ ಕೇಳಿದ.

ಅವಳು ಮತ್ತೆ ವಿವರಿಸಲು ಹೋಗಲಿಲ್ಲ. ಡಿಸ್ಕನ್ನು ಮೊದಲಿನಂತೆ ಜೋಡಿಸಿ ಸರ್ವರ್ ಚಾಲೂ ಮಾಡಿದಳು. ಎಲೆ ಉಗುಳಿ ಬಂದು ಈಗ ಕೇಳಿದ ಪದದ ಒಂದು ಚರಣ ಹಾಡು ಎಂದು ಅಣವೀರನಿಗೇ ಹೇಳಿದಳು. ಅವನು ಬಾಯಿ ಮುಕ್ಕಳಿಸಿ ಬಂದು, ಬೇಕೆಂದೇ ದತ್ತುವಿಗಿಂತ ಏರು ದನಿಯಲ್ಲಿ ಹಾಡಿದ. ಅವಳು ಅದನ್ನು ಗುರುಗಳ ಹೆಸರಿನಲ್ಲೇ ಏರಿಸಿ ಫೋನನ್ನು ಕಾಕಾನ ಕೈಗೆ ಕೊಟ್ಟಳು.

ಜಟ್ಟೆಪ್ಪ ಒತ್ತಿದ. ಅಣವೀರನ ದನಿ ಬಂತು. ಹಿಂದೆ ಹೋಗಿ ಇನ್ನೊಮ್ಮೆ ಒತ್ತಿದ. ಅಣವೀರನದೇ. ಆ ಪದಕ್ಕೆ ದತ್ತುವಿನ ದನಿ ಎಲ್ಲೂ ಇರಲಿಲ್ಲ.

“ನೋಡಪಾ,” ಎಂದಳು ಬಸ್ಸಮ್ಮ, ಮೊರ ಮತ್ತೆ ಕೈಗೆತ್ತಿಕೊಳ್ಳುತ್ತ. “ಈಗ ಕಳ್ಳ ನೀನಾದಿ.”

ಅಣವೀರ ಹೊಲದ ಕಡೆ ಕೆಲಸವಿದೆ ಎಂದು ಎದ್ದು ಹೋದ.

ಸಂಜೆಯೊಳಗೆ ಶ್ರುತಿ ಕೋಡ್ ತಿದ್ದಿದಳು: ಹೆಸರು ಒಂದೇ ಇದ್ದರೆ ಸಾಲದು, ಒಳಗಿನ ದನಿಯೂ ಒಂದೇ ಇದ್ದರೆ ಮಾತ್ರ ಅಡಗಿಸು. ಒಂದೇ ಪದದ ಕೆಳಗೆ ಒಂದೇ ಹೆಸರಿನ ಸಾಲುಗಳು ಮತ್ತೆ ಮೂಡಿದವು. ಅದನ್ನು ಮುಖ್ಯಸ್ಥನಿಗೂ ಕಳಿಸಿದಳು. ಇಷ್ಟು ಹಾಡುಗಳಿಗೆ ಒಬ್ಬನೇ ಗಾಯಕ ಹೇಗೆ, ನೀವು ಹೆಸರು ತುಂಬಿದ್ದೇ ತಪ್ಪಿರಬೇಕು ಎಂದು ಅವನು ಬರೆದ. ಹೆಸರು ಸರಿಯಾಗಿದೆ, ಇಲ್ಲಿ ಹಾಡಿದವರು ತಮ್ಮ ಹೆಸರು ಹಾಕುವುದಿಲ್ಲ ಎಂದು ಅವಳು ಬರೆದಳು.

ಸೋಮವಾರ ಭಜನೆಗೆ ಅವಳೂ ಉಳಿದಳು. ಬರಬೇಡವೆಂದು ಜಟ್ಟೆಪ್ಪ ಹೇಳಿ ಕಳಿಸಿರಲಿಲ್ಲ, ಆದರೆ ಅಣವೀರನ ಬಾಯಿಂದ ಮಾತು ಶಹಾಬಾದಿನ ತನಕ ಹೋಗಿತ್ತು. ದತ್ತು ಬಂದ. ತೋಳಿನ ಮೇಲೆ ಕಲ್ಲಿನ ಪುಡಿ ಇನ್ನೂ ಬೆಳ್ಳಗಿತ್ತು. ಯಾರಿಗೂ ಶರಣು ಅನ್ನದೆ ತನ್ನ ಜಾಗದಲ್ಲಿ ಕೂತ. ಶ್ರುತಿ ಹತ್ತಿರ ಹೋಗಿ, ತಪ್ಪು ತನ್ನದೆಂದೂ ತಾನೂ ಅವನ ಮೇಲೆ ಸಂಶಯಪಟ್ಟದ್ದು ಖರೆಯೆಂದೂ ಹೇಳಿದಳು. ಅವನು ತಲೆಯಾಡಿಸಿದ, ಅಷ್ಟೆ.

ಮೊದಲ ಪದ ಏಳುವ ಮುಂಚೆ ಅವನು ಕಿಸೆಯಿಂದ ತನ್ನ ಫೋನ್ ತೆಗೆದು, ರೆಕಾರ್ಡಿಂಗ್ ಚಾಲೂ ಮಾಡಿ, ಎಲ್ಲರಿಗೂ ಕಾಣುವ ಹಾಗೆ ನಡುವೆ ಇಟ್ಟ.

“ಇವತ್ತಿನಿಂದ ಎಲ್ಲಾರ್ದೂ ನನ್ನ ಹಂತೇಕನೂ ಇರ್ತದ,” ಎಂದ. “ನಾಳಿ ಮತ್ತೇನರ ಕಾಣದಿದ್ರ ನನ್ನ ಕಿಸೆ ನೋಡಬ್ಯಾಡ್ರಿ. ನಾನೇ ತಂದು ಕೊಡ್ತೀನಿ.”

ಅಣವೀರ ಹಾರ್ಮೋನಿಯಂ ಮೇಲೆ ಕಣ್ಣಿಟ್ಟು ಕೂತಿದ್ದ. ಜಟ್ಟೆಪ್ಪ ತನ್ನ ಅಕ್ಕ ಬಾರಿಸುತ್ತಿದ್ದ ತಾಳಗಳನ್ನು ಗೂಡಿನಿಂದ ಇಳಿಸಿ ತಂದು, ದತ್ತುವಿನ ಮುಂದಿಟ್ಟು, ಅವನ ಬಾಜೂಕ ಕೂತ.

ದತ್ತು ತಾಳ ಎತ್ತಿಕೊಂಡ. ಫೋನನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.